ಹಡಗು ಹತ್ತುವ ದಿನ ಮುಂಬೈಯಲ್ಲಿ ಏನು ನೋಡಬೇಕು? ಮೂರು ಸಲದ ನನ್ನ ಲೆಕ್ಕ

ಹುಬ್ಬಳ್ಳಿ ಕಡೆಯಿಂದ ರಾತ್ರಿ ರೈಲಿಗೆ ಹೊರಟವರು ಬೆಳಕು ಹರಿಯುವ ಹೊತ್ತಿಗೆ ದಾದರ್‌ನಲ್ಲಿ ಇರುತ್ತಾರೆ. ಮುಂಬೈಯಿಂದ ಕ್ರೂಸ್ ಹಡಗು ಬಿಡುವುದು ಸಂಜೆ. ನಡುವೆ ಎಂಟು ತಾಸು ಕೈಯಲ್ಲಿ ಉಳಿಯುತ್ತದೆ. ಅಷ್ಟು ಹೊತ್ತು ಬ್ಯಾಗ್ ಇಟ್ಟುಕೊಂಡು ಎಲ್ಲಿಗೆ ಹೋಗೋದು?

ನಾನು ಮೂರು ಸಲ ಈ ಪ್ರಶ್ನೆ ಎದುರಿಸಿದ್ದೇನೆ. ಮೊದಲ ಸಲ ಅಪ್ಪ ಅವ್ವನ ಜೊತೆ ಟ್ಯಾಕ್ಸಿ ಮಾಡಿ ಊರು ಸುತ್ತಿದೆವು. ಎರಡನೇ ಸಲ ಯಜಮಾನರು, ಮಗನ ಜೊತೆ ಎಲಿಫೆಂಟಾ ಗುಹೆಗೆ ಹೋದೆವು. ಕಳೆದ ನವೆಂಬರ್‌ನಲ್ಲಿ ನಾನು, ಅಕ್ಕ ಇಬ್ಬರೇ ಹಳೇ ಮುಂಬೈಯ ಫೋರ್ಟ್ ಭಾಗದಲ್ಲಿ ನಡೆದಾಡಿದೆವು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫೋರ್ಟ್ ನಡಿಗೆಗೆ.

ಒಂದು ವಿಷಯ ನನಗೆ ಮೊದಲ ಸಲ ಗೊತ್ತೇ ಇರಲಿಲ್ಲ. ಹಡಗು ನಿಲ್ಲುವ ಬಲ್ಲಾರ್ಡ್ ಪಿಯರ್ ಇರುವುದು ಹಳೇ ಮುಂಬೈಯ ಮಡಿಲಲ್ಲೇ. ಸಿಎಸ್‌ಎಂಟಿ, ಅಂದರೆ ಹಿಂದಿನ ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣದಿಂದ ಅಲ್ಲಿಗೆ ಒಂದೂವರೆ ಕಿಲೋಮೀಟರ್ ಆಸುಪಾಸು. ಗೇಟ್‌ವೇ ಆಫ್ ಇಂಡಿಯಾದಿಂದ ಸುಮಾರು ಎರಡು. ಇಷ್ಟು ಗೊತ್ತಿದ್ದಿದ್ದರೆ ಮೊದಲ ಪ್ರವಾಸವನ್ನು ನಾನು ಹಾಗೆ ಮಾಡುತ್ತಲೇ ಇರಲಿಲ್ಲ.

ಟ್ಯಾಕ್ಸಿ ಸುತ್ತು

ಅಪ್ಪನಿಗೆ ಎಪ್ಪತ್ತೆರಡು, ಅವ್ವನಿಗೆ ಮೊಣಕಾಲು ನೋವು. ಟ್ಯಾಕ್ಸಿಯೇ ಸರಿ ಅನ್ನಿಸಿತು. ಬ್ಯಾಗುಗಳೂ ಡಿಕ್ಕಿಯಲ್ಲಿ ಇರುತ್ತವೆ, ಅಲ್ವಾ? ದಾದರ್‌ನಲ್ಲಿ ಒಬ್ಬ ಡ್ರೈವರ್ ಜೊತೆ ಮಾತಾಡಿ ದಿನಕ್ಕಿಷ್ಟು ಎಂದು ಗೊತ್ತು ಮಾಡಿಕೊಂಡೆವು. ಸಿದ್ಧಿವಿನಾಯಕ, ಹಾಜಿ ಅಲಿ, ಹ್ಯಾಂಗಿಂಗ್ ಗಾರ್ಡನ್, ಮಣಿ ಭವನ, ಮರೀನ್ ಡ್ರೈವ್, ಅಲ್ಲಿಂದ ಬಂದರು. ಕಾಗದದ ಮೇಲೆ ಚೆಂದ ಕಾಣುತ್ತಿತ್ತು.

ಅಂದು ಮಂಗಳವಾರ. ಗಣಪತಿಯ ವಾರ. ಸಿದ್ಧಿವಿನಾಯಕದ ಸಾಲು ನೋಡಿಯೇ ಅವ್ವ ಕುಗ್ಗಿಹೋದಳು. ಆದರೂ ನಿಂತೆವು. ದರ್ಶನ ಮುಗಿಯುವಷ್ಟರಲ್ಲಿ ಎರಡು ತಾಸು ಹೋಯಿತು. ಹಾಜಿ ಅಲಿಗೆ ಬಂದರೆ ಸಮುದ್ರ ಏರಿತ್ತು. ದರ್ಗಾಕ್ಕೆ ಹೋಗುವ ದಾರಿ ಸಮುದ್ರದೊಳಗೇ ಇದೆ. ಭರತದ ಹೊತ್ತಿಗೆ ಅದರ ಮೇಲೆ ನೀರು ಬರುತ್ತದೆ. ದಡದಲ್ಲಿ ನಿಂತು ನೋಡಿ ವಾಪಸು ಬಂದೆವು. ಹೋಗುವ ಮುನ್ನ ಆ ದಿನದ ಭರತ ಇಳಿತದ ಹೊತ್ತು ನೋಡಿಕೊಳ್ಳಿ, ಮೊಬೈಲಿನಲ್ಲೇ ಸಿಗುತ್ತದೆ.

ಆ ದಿನದ ಒಳ್ಳೆಯ ಗಳಿಗೆ ಅಂದರೆ ಮಣಿ ಭವನ. ಗಾಂಧೀಜಿ 1917ರಿಂದ 1934ರವರೆಗೆ ಮುಂಬೈಗೆ ಬಂದಾಗಲೆಲ್ಲ ಉಳಿಯುತ್ತಿದ್ದ ಮನೆ. ಲ್ಯಾಬರ್ನಮ್ ರಸ್ತೆಯಲ್ಲಿ, ಮರಗಳ ನೆರಳಿನಲ್ಲಿದೆ. ಮಹಡಿಯ ಮೇಲೆ ಅವರ ಕೋಣೆ, ನೆಲದ ಮೇಲೆ ಹಾಸಿಗೆ, ಚರಕ. ಅಪ್ಪ ಚಿಕ್ಕವರಿದ್ದಾಗ ಖಾದಿ ನೂತವರು. ಆ ಕೋಣೆಯ ಮುಂದೆ ನಿಂತು ಅವರು ಒಂದು ಮಾತೂ ಆಡಲಿಲ್ಲ. ನಮಗೆ ಅಲ್ಲಿ ಸಿಕ್ಕಿದ್ದು ಬರೀ ಇಪ್ಪತ್ತು ನಿಮಿಷ. ಕೆಳಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಮರೀನ್ ಡ್ರೈವ್ ಗಾಡಿಯ ಕಿಟಕಿಯಲ್ಲೇ ದಾಟಿಹೋಯಿತು. ಕೊನೆಗೆ ವೇಟಿಂಗ್ ಚಾರ್ಜ್ ಅಂತ ಮಾತಾಡಿದ್ದಕ್ಕಿಂತ ಎಂಟುನೂರು ರೂಪಾಯಿ ಜಾಸ್ತಿ ಕೇಳಿದ. ಹಡಗಿಗೆ ಹೊತ್ತಾಗುತ್ತಿತ್ತು, ಕೊಟ್ಟೆವು.

ಲೆಕ್ಕ ಹಾಕಿದರೆ ಆ ಎಂಟು ತಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಡಿಯಲ್ಲೇ ಕಳೆದಿತ್ತು. ವಯಸ್ಸಾದವರಿಗೆ ಟ್ಯಾಕ್ಸಿ ಬೇಡ ಎನ್ನುತ್ತಿಲ್ಲ. ಐದು ಜಾಗ ಇಟ್ಟುಕೊಂಡದ್ದು ತಪ್ಪು. ಮಣಿ ಭವನ ಒಂದು, ಮರೀನ್ ಡ್ರೈವ್ ಕಟ್ಟೆಯ ಮೇಲೆ ಅರ್ಧ ತಾಸು, ಆಮೇಲೆ ಒಳ್ಳೆಯ ಊಟ. ಅಷ್ಟಿದ್ದರೆ ಅವ್ವ ಅಪ್ಪನಿಗೆ ಅದು ಹಬ್ಬವಾಗುತ್ತಿತ್ತು.

ಎಲಿಫೆಂಟಾ

ಎರಡನೇ ಸಲ ಮಗನ ಹಟ. ಶಾಲೆಯ ಪುಸ್ತಕದಲ್ಲಿ ತ್ರಿಮೂರ್ತಿಯ ಚಿತ್ರ ನೋಡಿದ್ದ. ನನಗೂ ಆಸೆ ಇತ್ತು. ಬ್ಯಾಗುಗಳನ್ನು ಸಿಎಸ್‌ಎಂಟಿಯ ಕ್ಲೋಕ್‌ರೂಮಿನಲ್ಲಿ ಬಿಟ್ಟೆವು. ಬ್ಯಾಗಿಗೆ ಬೀಗ ಇರಲೇಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ರೈಲು ಟಿಕೆಟ್ಟೂ ತೋರಿಸಬೇಕು. ಒಂಬತ್ತರ ಹೊತ್ತಿಗೆ ಗೇಟ್‌ವೇಯಲ್ಲಿ ಇದ್ದೆವು.

ದೋಣಿ ಜನ ತುಂಬಿದ ಮೇಲೆಯೇ ಹೊರಟಿತು. ಸಮುದ್ರದ ಮೇಲೆ ಒಂದು ತಾಸು. ಲೈಫ್ ಜಾಕೆಟ್ ಕೊಟ್ಟರೆ ಹಾಕಿಕೊಳ್ಳಿ, ಕೊಡದಿದ್ದರೆ ಕೇಳಿ ಪಡೆಯಿರಿ. 2024ರ ಡಿಸೆಂಬರ್ 18ರಂದು ಇದೇ ದಾರಿಯ ದೋಣಿಗೆ ನೌಕಾಪಡೆಯ ಸ್ಪೀಡ್ ಬೋಟ್ ಬಡಿದು ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಸೆಕೆ ಅಂತ ಜಾಕೆಟ್ ಬಿಚ್ಚಿ ಮಡಿಲಲ್ಲಿ ಇಟ್ಟುಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ದ್ವೀಪದಲ್ಲಿ ಇಳಿದ ಮೇಲೆ ಉದ್ದನೆಯ ಕಟ್ಟೆ, ಆಮೇಲೆ ನೂರಿಪ್ಪತ್ತು ಮೆಟ್ಟಿಲು, ಎರಡೂ ಕಡೆ ಅಂಗಡಿ, ಮೇಲೆ ಕೋತಿಗಳು. ಗುಹೆಯೊಳಗೆ ಕಾಲಿಟ್ಟ ಮೇಲೆ ಇದೆಲ್ಲ ಮರೆತುಹೋಗುತ್ತದೆ. ಸುಮಾರು 20 ಅಡಿ ಎತ್ತರದ ಶಿವನ ಮೂರು ಮುಖ. ಕಣ್ಣು ಮುಚ್ಚಿದ ನಡುವಿನ ಮುಖ. ಸುತ್ತ ಅರ್ಧನಾರೀಶ್ವರ, ಗಂಗಾಧರ, ಕೈಲಾಸ ಎತ್ತುವ ರಾವಣ, ಕಲ್ಯಾಣದಲ್ಲಿ ನಾಚಿ ನಿಂತ ಪಾರ್ವತಿ. ಕೈಕಾಲು ಮುರಿದ ಮೂರ್ತಿಗಳೂ ಬೇಕಾದಷ್ಟಿವೆ. ಆದರೂ ಕಲ್ಲಿನಲ್ಲಿ ಉಸಿರಿದೆ.

ಕನ್ನಡದವರಿಗೆ ಇಲ್ಲಿ ಇನ್ನೊಂದು ನಂಟಿದೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ನೌಕಾದಾಳಿಯನ್ನು ಹಾಡಿದ್ದಾನೆ. ಪಡುವಣ ಕಡಲಿನ ಲಕ್ಷ್ಮಿಯಂತಿದ್ದ ಪುರಿ ಎಂಬ ಪಟ್ಟಣವನ್ನು ಮದವೇರಿದ ಆನೆಗಳಂಥ ನೂರಾರು ಹಡಗುಗಳಿಂದ ಮುತ್ತಿದ ಎನ್ನುತ್ತಾನೆ. ಎಲಿಫೆಂಟಾದ ಊರ ಹೆಸರು ಘಾರಾಪುರಿ; ಆ ಪುರಿ ಅಂದರೆ ಈ ಘಾರಾಪುರಿಯೇ ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಮಗನಿಗೆ ಇದನ್ನು ಹೇಳಿದಾಗ ಅವನು ಮೆಟ್ಟಿಲ ಮೇಲೆ ನಿಂತು ಸಮುದ್ರದ ಕಡೆ ತಿರುಗಿ ನೋಡಿದ.

ಇಷ್ಟೆಲ್ಲ ಇದ್ದೂ ಆ ದಿನ ನನಗೆ ನೆಮ್ಮದಿ ಇರಲಿಲ್ಲ. ಗುಹೆಯಲ್ಲಿ ನಾವು ಇದ್ದದ್ದು ನಲವತ್ತೇ ನಿಮಿಷ. ಅದರಲ್ಲೂ ನಾನು ಹತ್ತು ಸಲ ವಾಚು ನೋಡಿದ್ದೇನೆ. "ಅಮ್ಮಾ, ಇಷ್ಟಕ್ಕೇ ಬಂದ್ವಾ?" ಎಂದು ಮಗ ಕೇಳಿದಾಗ ಉತ್ತರ ಇರಲಿಲ್ಲ. ಮರಳುವ ದೋಣಿಗೆ ಉದ್ದನೆಯ ಸಾಲು. ಗೇಟ್‌ವೇ ಮುಟ್ಟಿದಾಗ ಎರಡೂವರೆ. ಅಲ್ಲಿಂದ ಸಿಎಸ್‌ಎಂಟಿ, ಬ್ಯಾಗು, ಟ್ಯಾಕ್ಸಿ. ನಮ್ಮ ಬೋರ್ಡಿಂಗ್ ಮುಗಿಯುವುದು ನಾಲ್ಕಕ್ಕೆ. ಟರ್ಮಿನಲ್ ಬಾಗಿಲಿಗೆ ಬಂದಾಗ ಮೂರು ನಲವತ್ತು. ಊಟವಿಲ್ಲ, ಮೈಯೆಲ್ಲ ಬೆವರು. ಯಜಮಾನರು ದಾರಿಯುದ್ದಕ್ಕೂ ಒಂದೇ ಮಾತು: "ಹಡಗ ತಪ್ಪಿದ್ರ ಏನ್ ಮಾಡೋದು?" ರೈಲು ತಪ್ಪಿದರೆ ಇನ್ನೊಂದು ರೈಲಿದೆ. ಹಡಗಿಗೆ ಹಾಗಿಲ್ಲ. ಕೊಟ್ಟ ಹಣವೂ ಹೋಗುತ್ತದೆ.

ಎಲಿಫೆಂಟಾ ಮೂರರಲ್ಲಿ ಎಲ್ಲಕ್ಕಿಂತ ದೊಡ್ಡ ಜಾಗ, ಅದರಲ್ಲಿ ಅನುಮಾನವಿಲ್ಲ. ಹಡಗು ಹತ್ತುವ ದಿನಕ್ಕೆ ಮಾತ್ರ ಅದು ಹೊಂದುವುದಿಲ್ಲ. ಸೋಮವಾರ ಗುಹೆ ಮುಚ್ಚಿರುತ್ತದೆ, ಅದೂ ನೆನಪಿರಲಿ.

ಫೋರ್ಟ್ ನಡಿಗೆ

ಅಕ್ಕ ಶಾಲೆಯ ಕೆಲಸದಿಂದ ನಿವೃತ್ತಳಾದ ವರ್ಷ ಇಬ್ಬರೇ ಹೊರಟೆವು. ದಾದರ್‌ನಲ್ಲಿ ಇಳಿದಾಗ ಇನ್ನೂ ಆರು ಗಂಟೆ. ಲೋಕಲ್‌ನಲ್ಲಿ ಸಿಎಸ್‌ಎಂಟಿಗೆ ಬಂದೆವು. ಏಳರೊಳಗೆ ಮಾತ್ರ ಇದು ಸಾಧ್ಯ. ಎಂಟರ ಮೇಲೆ ಬ್ಯಾಗ್ ಹಿಡಿದು ಲೋಕಲ್ ಹತ್ತುವ ಸಾಹಸ ಬೇಡ. ವಿಮಾನದಲ್ಲಿ ಬರುವವರಿಗೆ ಈಗ ಇನ್ನೂ ಸುಲಭ. 2025ರ ಅಕ್ಟೋಬರ್‌ನಿಂದ ಮೆಟ್ರೋ 3ನೇ ಮಾರ್ಗ ವಿಮಾನ ನಿಲ್ದಾಣದಿಂದ ನೆಲದಡಿಯಲ್ಲೇ ಸಿಎಸ್‌ಎಂಟಿಗೆ, ಹುತಾತ್ಮ ಚೌಕಕ್ಕೆ ತಂದು ಬಿಡುತ್ತದೆ.

ಮುಖ ತೊಳೆದು, ಬ್ಯಾಗು ಕ್ಲೋಕ್‌ರೂಮಿಗೆ ಹಾಕಿ, ತಿಂಡಿ ತಿಂದು ಹೊರಗೆ ಬಂದೆವು. ಸಿಎಸ್‌ಎಂಟಿಯನ್ನು ನೋಡಬೇಕೆಂದರೆ ರಸ್ತೆ ದಾಟಿ ಎದುರು ನಿಲ್ಲಬೇಕು. ನಾನು ಎರಡು ಸಲ ಈ ನಿಲ್ದಾಣದೊಳಗೆ ಓಡಾಡಿದ್ದೆ, ಒಮ್ಮೆಯೂ ಹೀಗೆ ನಿಂತು ನೋಡಿರಲಿಲ್ಲ. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿ 1878ರಲ್ಲಿ ಶುರು ಮಾಡಿ ಹತ್ತು ವರ್ಷ ಕಟ್ಟಿಸಿದ ಕಟ್ಟಡ. ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಸಿಂಹ ಬ್ರಿಟನ್ನಿನದು, ಹುಲಿ ನಮ್ಮದು. ಗೋಡೆಯ ಮೇಲೆ ನವಿಲು, ಕೋತಿ, ಎಲೆ ಬಳ್ಳಿ. ಅಕ್ಕ ಒಂದೊಂದನ್ನೇ ಬೆರಳು ಮಾಡಿ ತೋರಿಸುತ್ತ ನಿಂತಳು, ಮಕ್ಕಳಿಗೆ ಪಾಠ ಮಾಡಿದ ಹಾಗೆ.

ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ಕೆಳಗೆ ನೆರಳಲ್ಲೇ ನಡೆದರೆ 1864ರ ಫ್ಲೋರಾ ಫೌಂಟನ್. ಎಡಕ್ಕೆ ಹಾರ್ನಿಮನ್ ಸರ್ಕಲ್. ಅದರ ಎದುರು ಬಿಳಿ ಕಂಬಗಳ ಟೌನ್ ಹಾಲ್, ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯ ಇರುವುದು ಅಲ್ಲೇ. ಅದರ ಮೆಟ್ಟಿಲ ಮೇಲೆ ಸುಮ್ನೆ ಕೂತು ಚಹಾ ಕುಡಿದೆವು. ಯಾರೂ ಏಳಿ ಅನ್ನಲಿಲ್ಲ. ಗಡಿಬಿಡಿ ಇರಲಿಲ್ಲ. ಯಾಕೆಂದರೆ ಹಡಗು ಆ ಕಟ್ಟಡದ ಹಿಂದೆಯೇ, ನಡೆದು ಹೋಗುವಷ್ಟು ದೂರದಲ್ಲಿ ನಿಂತಿತ್ತು.

ಹತ್ತೂ ಕಾಲಿಗೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ತೆರೆಯುತ್ತದೆ. ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎನ್ನುತ್ತಿದ್ದರು. ಇಲ್ಲಿ ಇಡೀ ದಿನ ಕಳೆಯಬಹುದು. ನಾವು ಎರಡು ತಾಸು ಇಟ್ಟುಕೊಂಡೆವು, ಬಹುಪಾಲು ಶಿಲ್ಪಗಳ ಕೋಣೆಯಲ್ಲೇ ಕಳೆಯಿತು. ಅಲ್ಲಿ ನಮ್ಮ ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಬ್ರಹ್ಮ ಇದ್ದಾನೆ. ಏಳನೇ ಶತಮಾನದ ಚಾಲುಕ್ಯರ ಕೆಲಸ. ಧಾರವಾಡದಿಂದ ಐಹೊಳೆಗೆ ನಾವು ಎಷ್ಟು ಸಲ ಹೋಗಿಲ್ಲ! ಆ ಗುಡಿಯ ದೇವರನ್ನು ಮುಂಬೈಗೆ ಬಂದು ನೋಡುವಾಗ ತವರಿನವರು ಪರ ಊರಲ್ಲಿ ಸಿಕ್ಕಂತೆ ಆಯಿತು. ಅಕ್ಕನ ಕಣ್ಣು ತುಂಬಿತು. ನನ್ನದೂ.

ಗೇಟ್‌ವೇ ಹತ್ತು ನಿಮಿಷದ ದಾರಿ. ಗೇಟ್‌ವೇ, ಮ್ಯೂಸಿಯಂ, ಬಂದರಿನ ಪಕ್ಕದ ಬಲ್ಲಾರ್ಡ್ ಎಸ್ಟೇಟ್, ಮೂರನ್ನೂ ರೂಪಿಸಿದವರು ಜಾರ್ಜ್ ವಿಟೆಟ್ ಒಬ್ಬರೇ. ಒಂದೇ ನಡಿಗೆಯಲ್ಲಿ ಮೂರೂ ಸಿಗುತ್ತವೆ. 1924ರಲ್ಲಿ ಮುಗಿದ ಗೇಟ್‌ವೇಯ ಕೆಳಗಿಂದಲೇ 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಹೊರಟಿತು. ಜನಜಂಗುಳಿ ಇತ್ತು, ನಾವು ಜಾಸ್ತಿ ನಿಲ್ಲಲಿಲ್ಲ.

ಟ್ಯಾಕ್ಸಿ ಹಿಡಿದು, ಬ್ಯಾಗು ಎತ್ತಿಕೊಂಡು ಬಲ್ಲಾರ್ಡ್ ಎಸ್ಟೇಟಿಗೆ ಬಂದಾಗ ಒಂದೂವರೆ. 1923ರಿಂದ ಇರುವ ಬ್ರಿಟಾನಿಯಾ ಎಂಬ ಪಾರ್ಸಿ ಹೋಟೆಲಿನಲ್ಲಿ ಊಟ. ಮಧ್ಯಾಹ್ನ ಮಾತ್ರ ಅಡುಗೆ. ತರಕಾರಿ ಹಾಕಿದ ಬೆರಿ ಪುಲಾವ್ ತಗೊಂಡೆವು. ಕೆಂಪಗಿನ ಹುಳಿ ಹಣ್ಣು ಅನ್ನದ ನಡುವೆ ಬಾಯಿಗೆ ಸಿಗುವಾಗ ಬಹಳ ರುಚಿ. ಮೀನು ತಿನ್ನುವವರಾದರೆ ಫೋರ್ಟ್‌ನಲ್ಲೇ ಮಂಗಳೂರಿನವರ ಹೋಟೆಲುಗಳಿವೆ, ಗಸಿ, ನೀರುದೋಸೆ ಸಿಗುತ್ತದೆ.

ಊಟದ ಮೇಲೆ ಆ ಅಗಲ ರಸ್ತೆಗಳಲ್ಲಿ ಮರದ ನೆರಳು ಹಿಡಿದು ನಿಧಾನ ನಡೆದೆವು. ಒಂದು ಕಾಲಕ್ಕೆ ಇಲ್ಲಿ ಬಲ್ಲಾರ್ಡ್ ಪಿಯರ್ ಮೋಲ್ ಎಂಬ ರೈಲು ನಿಲ್ದಾಣವೇ ಇತ್ತು. ವಿಲಾಯಿತಿಯ ಹಡಗಿನಿಂದ ಇಳಿದವರು ಇಲ್ಲೇ ಫ್ರಾಂಟಿಯರ್ ಮೇಲ್ ಹತ್ತಿ ಪೇಶಾವರದವರೆಗೆ ಹೋಗುತ್ತಿದ್ದರು. ಅವರು ಹಡಗಿನಿಂದ ರೈಲಿಗೆ, ನಾವು ರೈಲಿನಿಂದ ಹಡಗಿಗೆ. ಎರಡೂವರೆಗೆ ಟರ್ಮಿನಲ್ ಒಳಗೆ ಇದ್ದೆವು, ಗಡಿಬಿಡಿ ಇಲ್ಲದೆ.

ಕುಂದು ಇಲ್ಲವೇ? ಇದೆ. ನವೆಂಬರ್ ಆದರೂ ಹನ್ನೊಂದರ ಮೇಲೆ ಬಿಸಿಲು ಅಂಟಂಟು. ಫುಟ್‌ಪಾತ್ ಎಷ್ಟೋ ಕಡೆ ಅಂಗಡಿಯವರ ಪಾಲು. ಒಟ್ಟು ನಾಲ್ಕು ಕಿಲೋಮೀಟರ್ ಹತ್ತಿರ ನಡೆದಿದ್ದೇವೆ. ಅವ್ವನ ಮೊಣಕಾಲಿಗೆ ಇದು ಆಗದು. ಅಂಥವರಿಗೆ ಫ್ಲೋರಾ ಫೌಂಟನ್, ಹಾರ್ನಿಮನ್ ಸರ್ಕಲ್ ಬಿಟ್ಟು ಮ್ಯೂಸಿಯಂ ಒಂದಕ್ಕೇ ಟ್ಯಾಕ್ಸಿಯಲ್ಲಿ ಹೋಗಿ ಎನ್ನುತ್ತೇನೆ. ಖರ್ಚು ಮಾತ್ರ ಮೂರರಲ್ಲಿ ಇದರದೇ ಕಮ್ಮಿ. ಮ್ಯೂಸಿಯಂ ಟಿಕೆಟ್ಟು, ಊಟ, ಒಂದು ಟ್ಯಾಕ್ಸಿ, ಅಷ್ಟೇ.

ಸಂಜೆ ಹಡಗು ಹೊರಟಾಗ ಡೆಕ್ಕಿನ ಮೇಲೆ ನಿಂತಿದ್ದೆವು. ಒಂದು ಕಡೆ ಬೆಳಿಗ್ಗೆ ನಡೆದ ಊರು ದೀಪ ಹಚ್ಚಿಕೊಳ್ಳುತ್ತಿತ್ತು. ಇನ್ನೊಂದು ಕಡೆ ಕಪ್ಪು ಗುಡ್ಡ. "ಅದೇ ಅಲ್ಲೇನ ನೀ ಹೇಳಿದ ಗವಿ?" ಎಂದು ಅಕ್ಕ ಕೇಳಿದಳು. ಹೌದೆಂದೆ. "ಹಂಗಾರ ಬರೋ ದಿನ ನೋಡೋಣು. ರೈಲು ರಾತ್ರಿಗೆ ಅಲ್ಲೇನು?"

ಎರಡು ಪ್ರವಾಸ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಹಡಗು ಮರಳಿ ಬರುವುದು ಬೆಳಿಗ್ಗೆ. ನಮ್ಮ ರೈಲು ರಾತ್ರಿ. ಆ ಗುರುವಾರ ಹಡಗಿನಿಂದ ಇಳಿದು, ಬ್ಯಾಗು ಕ್ಲೋಕ್‌ರೂಮಿಗೆ ಹಾಕಿ, ನೇರ ಗೇಟ್‌ವೇಯಲ್ಲಿ ದೋಣಿ ಹಿಡಿದೆವು. ಮೆಟ್ಟಿಲು ಹತ್ತುವಾಗ ಅಕ್ಕನಿಗೆ ಪುಲಕೇಶಿಯ ಹಡಗುಗಳ ಕತೆ ಹೇಳಿದೆ. ಮೂರು ಮುಖಗಳ ಮುಂದೆ ಅವಳು ಕಂಬಕ್ಕೆ ಒರಗಿ ಅರ್ಧ ತಾಸು ಕೂತಳು. ನಾನು ಪಕ್ಕದಲ್ಲಿ. ವಾಚು ಬ್ಯಾಗಿನಲ್ಲಿತ್ತು.