ಹಳೇ ಗೋಡೆಗೆ ಸಿಮೆಂಟ್ ಮೆತ್ತಿಸುವ ಮುಂಚೆ ಇದನ್ನು ಓದಿ

ಮೈಸೂರಲ್ಲಿ ಹಳೇ ಮನೆ ಇಟ್ಟುಕೊಂಡವರಿಗೆ ಈ ಮಾತು. ರಿಪೇರಿಗೆ ಬಂದ ಕಂಟ್ರಾಕ್ಟರ್ ಒಬ್ಬರು ಚಾಮರಾಜಪುರದ ನಮ್ಮ ತಾತನ ಮನೆಯನ್ನು ಹಾಳು ಮಾಡಿ ಹೋದರು. ನಿಮ್ಮ ಮನೆಗೆ ಹಾಗಾಗಬಾರದು.

ಮಣ್ಣಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಮೇಲೆ ಸುಣ್ಣದ ಗಾರೆ, ತೇಗದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣ ಹಾಕಿ ಮಾಡಿದ ಮದ್ರಾಸ್ ತಾರಸಿ. ಅಲ್ಲಲ್ಲಿ ಗಾರೆ ಉದುರಿತ್ತು, ಒಂದು ಮೂಲೆ ಸೋರುತ್ತಿತ್ತು, ಅಷ್ಟೇ. ಸುಣ್ಣದಲ್ಲೇ ಮಾಡಿ ಅಂತ ಅಪ್ಪ ಹೇಳಿದ್ದರು. "ಸುಣ್ಣದ ಕಾಲ ಹೋಯ್ತು ಯಜಮಾನ್ರೇ, ಸಿಮೆಂಟ್ ಹಾಕಿದ್ರೆ 50 ವರ್ಷ ತಿರುಗಿ ನೋಡೋ ಹಾಗಿಲ್ಲ" ಅಂದವರು, ಅಪ್ಪ ಊರಲ್ಲಿ ಇಲ್ಲದಾಗ ಗಾರೆಯನ್ನೆಲ್ಲ ಕೆತ್ತಿಸಿ ಸಿಮೆಂಟ್ ಮೆತ್ತಿಸಿಬಿಟ್ಟರು.

ಎರಡನೇ ಮಳೆಗಾಲಕ್ಕೆ ಬಣ್ಣ ಬಯಲಾಯಿತು. ದೇವರ ಮನೆ ಗೋಡೆಯಲ್ಲಿ ಮೊಣಕಾಲೆತ್ತರಕ್ಕಿದ್ದ ತೇವ ಎದೆಮಟ್ಟಕ್ಕೆ ಏರಿತ್ತು. ಉಬ್ಬಿದ ಪೇಂಟ್ ಒತ್ತಿದರೆ ಬಿಳಿ ಪುಡಿ ಉದುರುತ್ತಿತ್ತು, ಅದು ಉಪ್ಪು. ಸಿಮೆಂಟ್ ಹಕ್ಕಳೆ ಹಕ್ಕಳೆಯಾಗಿ ಎದ್ದು, ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಬಂತು. ಗೋಡೆಯೊಳಗೆ ಕೂತ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಇಳಿಯಿತು. ತಾತನ ಕಾಲದ ತೇಗ ಅದು!

ಕಾರಣ ಸರಳ. ಹಳೇ ಮನೆಗಳ ಪಾಯದಲ್ಲಿ ಸಾಮಾನ್ಯವಾಗಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಗೋಡೆಗೆ ಏರುತ್ತದೆ, ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತದೆ. ಸಿಮೆಂಟ್ ಅದಕ್ಕೆ ದಾರಿ ಬಿಡುವುದಿಲ್ಲ. ನೀರು ಒಳಗೇ ನಿಂತು ಇಟ್ಟಿಗೆ, ಮಣ್ಣು, ಮರ ಎಲ್ಲವನ್ನೂ ತಿನ್ನುತ್ತದೆ.

ತಾರಸಿ ಸೋರುತ್ತದೆ ಅಂತ ಅದರ ಮೇಲೂ 2 ಇಂಚು ಕಾಂಕ್ರೀಟ್ ಹಾಕಿದ್ದರು. 10 ಅಡಿಗೆ 10 ಅಡಿ ಕೋಣೆಗೆ ಅದು 1 ಟನ್‌ಗಿಂತ ಜಾಸ್ತಿ ಭಾರ. ಹೊರುವುದು ಅದೇ ಕೊಳೆತ ತೊಲೆ! ಸೋರಿಕೆಗೆ ನಿಜವಾದ ಕಾರಣ ಎಲೆ ಕಟ್ಟಿಕೊಂಡಿದ್ದ, ಮಳೆ ನೀರು ಇಳಿಯುವ ಕೊಳವೆ.

ಆಮೇಲೆ ಆ ಕಂಟ್ರಾಕ್ಟರೇ ಬಂದು "ಈ ಮನೆ ಆಯಸ್ಸು ಮುಗೀತು, ಕೆಡವಿ ಅಪಾರ್ಟ್‌ಮೆಂಟ್ ಕಟ್ಟೋಣ" ಅಂದರು. ನನಗೆ ತಡೆಯಲಾರದ ಸಿಟ್ಟು ಬಂತು.

ಮೈಸೂರಲ್ಲೇ 2012ರಲ್ಲಿ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು, 2016ರಲ್ಲಿ ದೇವರಾಜ ಮಾರ್ಕೆಟ್‌ನ ಒಂದು ಭಾಗ ಬಿತ್ತು. ಭಯ ಸಹಜವೇ. ಆದರೆ ಹಳೇದು ಅಂದ ಮಾತ್ರಕ್ಕೆ ಮನೆ ಮುಗಿದುಹೋಗುವುದಿಲ್ಲ. ಗೋಡೆ ತಲೆಮಾರುಗಟ್ಟಲೆ ಬಾಳುತ್ತದೆ, ವೈರು ಪೈಪು ಅಷ್ಟು ಬಾಳುವುದಿಲ್ಲ. ಗೀಸರ್, ವಾಷಿಂಗ್ ಮಷಿನ್ ಬಂದ ಮೇಲೆ ಹಳೇ ವೈರಿಂಗ್ ಸಾಲದು, ಬದಲಾಯಿಸಲೇಬೇಕು. ಅದಕ್ಕೆ ಅಂತ ಗೋಡೆ ಕೊರೆಯಬೇಡಿ, ಗೋಡೆಯ ಹೊರಮೈಯಲ್ಲೇ, ವೈರು ಮುಚ್ಚುವ ಕೇಸಿಂಗ್ ಪಟ್ಟಿಯಲ್ಲಿ ಎಳೆಸಿ. ಮುಂದಿನ ಸಲ ಗೋಡೆ ಮುಟ್ಟದೆ ಬದಲಾಯಿಸಬಹುದು.

ನಿಮ್ಮ ಗೋಡೆ ಎಂಥದ್ದು ಅಂತ ತಿಳಿಯಲು ಇಟ್ಟಿಗೆ ಸಂದನ್ನು ಬೀಗದ ಕೈಯಿಂದ ಕೆರೆದು ನೋಡಿ. ಸುಲಭವಾಗಿ ಪುಡಿಯಾದರೆ ಅದು ಮಣ್ಣು ಅಥವಾ ಸುಣ್ಣ ಇರಬಹುದು, ಸುಣ್ಣದ ಕೆಲಸ ಗೊತ್ತಿರುವ ಗಾರೆ ಮೇಸ್ತ್ರಿಗೆ ತೋರಿಸಿ. ಸಿಮೆಂಟ್ ಬಳಸಬಾರದು ಅಂತ ಕರಾರು ಪತ್ರದಲ್ಲೇ ಬರೆಸಿ. ಮೊದಲು ಒಂದೇ ಗೋಡೆ ಮಾಡಿಸಿ, ಅದು ಒಂದು ಮಳೆಗಾಲ ಕಳೆಯಲಿ. ಮುಂಗಡ ಎಷ್ಟೇ ಕೇಳಿದರೂ ಉಳಿದ ಗೋಡೆಗಳ ದುಡ್ಡು ಆಮೇಲೆ ಕೊಡಿ.