ಹಳೇ ಜೋಮಾಲೆಗೆ ಒರೆಗಲ್ಲೋ, ಮೆಷಿನ್ನೋ?

ಮನೆಯಲ್ಲಿದ್ದ ಹಳೇ ಜೋಮಾಲೆ (ಕೊಡವರ ಚಿನ್ನದ ಗುಂಡುಗಳ ಹಾರ), ಕೆಡಿಎಂ ಗುರುತಿನ ಒಂದು ಸರ, ಇವೆರಡನ್ನೂ ಇಬ್ಬರು ಹೆಣ್ಣುಮಕ್ಕಳಿಗೆ ಸರಿಸಮ ಹಂಚಬೇಕಿತ್ತು. ಯಾವುದರಲ್ಲಿ ಎಷ್ಟು ಚಿನ್ನ ಇದೆ ಅಂತ ಗೊತ್ತಾಗದೆ ಹಂಚೋದು ಹೇಗೆ? ವಿರಾಜಪೇಟೆಯ ಆಚಾರಿಯವರ ಒರೆಗಲ್ಲು, ಮಡಿಕೇರಿಯ ಒಡವೆ ಅಂಗಡಿಯಲ್ಲಿ ಚಿನ್ನದ ಪಾಲು ಅಳೆಯುವ ಕ್ಯಾರೆಟ್ ಮೆಷಿನ್, ಶುದ್ಧತೆ ಪರೀಕ್ಷಿಸಿ ಮುದ್ರೆ ಹಾಕುವ ಮೈಸೂರಿನ ಹಾಲ್‌ಮಾರ್ಕಿಂಗ್ ಕೇಂದ್ರ, ಮೂರನ್ನೂ ನೋಡಿಬಿಟ್ಟೆ.

ಆಚಾರಿಯವರು ಸರದ ಕೊಂಡಿಯನ್ನು ಕಪ್ಪು ಕಲ್ಲಿನ ಮೇಲೆ ಉಜ್ಜಿ ಗೆರೆ ಎಳೆದರು. ಪಕ್ಕದಲ್ಲೇ 22 ಕ್ಯಾರೆಟ್‌ನ ಕಡ್ಡಿಯಿಂದ ಇನ್ನೊಂದು ಗೆರೆ. ಎರಡರ ಮೇಲೂ ಆಸಿಡ್ ಹನಿಸಿದರು. ಕಡ್ಡಿಯ ಗೆರೆ ಹಾಗೇ ನಿಂತಿತು, ನಮ್ಮ ಸರದ್ದು ಮಸುಕಾಯಿತು. "ಇದು ಇಪ್ಪತ್ತರ ಆಸುಪಾಸು ಅಮ್ಮಾ" ಅಂದರು.

ಮಡಿಕೇರಿಯ ಮೆಷಿನ್ ಅದನ್ನೇ ಅಂಕಿಯಲ್ಲಿ ಹೇಳಿತು: ಚಿನ್ನ ನೂರಕ್ಕೆ 84. 20 ಕ್ಯಾರೆಟ್ ಅಂದರೆ 83.3, 22 ಅಂದರೆ 91.6, 18 ಅಂದರೆ 75. ಬೆಸುಗೆಯ ಹತ್ತಿರ ಇಟ್ಟಾಗ ಅಂಕಿ ಇಳಿಯಿತು, ಕ್ಯಾಡ್ಮಿಯಂ ಕಾಣಿಸಿಕೊಂಡಿತು. ಕೆಡಿಎಂ ಅಂದರೆ ಅಷ್ಟೇ, ಕ್ಯಾಡ್ಮಿಯಂ ಸೇರಿಸಿದ ಬೆಸುಗೆ. ಅದು ಶುದ್ಧತೆಯ ಮುದ್ರೆ ಅಲ್ಲವೇ ಅಲ್ಲ. ಎಷ್ಟೋ ಮನೆಗಳಲ್ಲಿ ಈಗಲೂ ಅದನ್ನು 22 ಕ್ಯಾರೆಟ್ ಅಂತಲೇ ನಂಬಿದ್ದಾರೆ.

ಮೆಷಿನ್ ಬೇಗ, ಒಡವೆಗೆ ಗೀರು ಕೂಡ ಬೀಳೋದಿಲ್ಲ. ಆದರೆ ಅದು ನೋಡೋದು ಮೇಲಿನ ಪದರವನ್ನು ಮಾತ್ರ. ಜೋಮಾಲೆಯಲ್ಲಿ ಈ ತೊಂದರೆ ಜಾಸ್ತಿ. ಗುಂಡುಗಳು 22 ಕ್ಯಾರೆಟ್ ಅಂತ ತೋರಿಸಿತು, ನಿಜವೇ. ಆದರೆ ಗುಂಡಿನ ಒಳಗೆ ತುಂಬಿರೋದು ಅರಗು! ತಕ್ಕಡಿಯಲ್ಲಿ 30 ಗ್ರಾಂ ತೂಗಿ ಅದರಲ್ಲಿ 12 ಗ್ರಾಂ ಅರಗು, ದಾರ ಇದ್ದರೆ, ಬೆಲೆ ಕಟ್ಟಬೇಕಾದದ್ದು ಬರೀ 18 ಗ್ರಾಂಗೆ. ಕ್ಯಾರೆಟ್ ಎಷ್ಟೇ ಚೆನ್ನಾಗಿದ್ದರೂ ಈ ಲೆಕ್ಕ ತಪ್ಪಿದರೆ ಪಾಲೇ ತಪ್ಪುತ್ತದೆ. ಇಲ್ಲಿ ಆಚಾರಿಯವರೇ ಗೆದ್ದರು. ಮೊದಲೇ ಬಿರುಕು ಬಿಟ್ಟಿದ್ದ ಒಂದು ಗುಂಡನ್ನು ಹದವಾಗಿ ಬಿಸಿ ಮಾಡಿ ಅರಗು ತೆಗೆದು, ತೆಳ್ಳನೆಯ ಸಿಪ್ಪೆಯನ್ನಷ್ಟೇ ತೂಗಿದರು. ಅದೇ ಅಳತೆಯ ಗುಂಡುಗಳಾದ್ದರಿಂದ ಉಳಿದದ್ದು ಗುಣಾಕಾರ.

ಮೈಸೂರಿಗೆ ಸರ ಮಾತ್ರ ಒಯ್ದೆ. ನಾಲ್ಕು ಒಡವೆವರೆಗೆ ಪರೀಕ್ಷೆಗೆ 200 ರೂಪಾಯಿ ಶುಲ್ಕ, ಕೈಗೆ ವರದಿ ಕೊಡುತ್ತಾರೆ. ತೀರಾ ನಿಖರವಾಗಿ ಬೇಕಿದ್ದರೆ ಬೆಂಕಿ ಪರೀಕ್ಷೆ ಇದೆ, ಅದಕ್ಕೆ ಚೂರು ಕತ್ತರಿಸಿ ಕೊಡಬೇಕು. ಜೋಮಾಲೆಗೆ ಅದು ಬೇಡವೇ ಬೇಡ.

ಹೊಸದಾಗಿ ಕೊಳ್ಳುವವರಿಗೆ ಇಷ್ಟೆಲ್ಲ ಓಡಾಟ ಇಲ್ಲ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22ಕೆ916 ಥರದ ಅಂಕಿ, ಜೊತೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆ ಬೇರೆಯಾದ ಗುರುತಿನ ಸಂಖ್ಯೆ, ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹೊಡೆದರೆ ಶುದ್ಧತೆ, ಒಡವೆಯ ಬಗೆ ಎಲ್ಲ ಬರುತ್ತದೆ. ಬಳೆಯ ಸಂಖ್ಯೆ ಹಾಕಿದಾಗ ಉಂಗುರ ಅಂತ ಬಂದರೆ ಅಲ್ಲೇ ಕೇಳಿ.

ನನ್ನ ಆಯ್ಕೆ ಕೇಳಿದರೆ, ಹಳೇ ಸರವನ್ನು ಅಂಗಡಿಗೆ ಕೊಟ್ಟು ಹೊಸದಕ್ಕೆ ಬದಲಾಯಿಸುವ ಮೊದಲು ಹಾಲ್‌ಮಾರ್ಕಿಂಗ್ ಕೇಂದ್ರದ ವರದಿ. ಜೋಮಾಲೆ, ಕೊಕ್ಕೆತಾತಿ, ಪತ್ತಾಕ್‌ನಂಥ ಕೊಡವರ ಸಾಂಪ್ರದಾಯಿಕ ಕೊರಳ ಒಡವೆಗಳಿಗೆ ಮೆಷಿನ್ ನೋಡಿ, ಆಮೇಲೆ ಕೈಕೆಲಸ ಬಲ್ಲ ಆಚಾರಿ. ಬದಲಾವಣೆಗೆ ಕೊಟ್ಟರೆ ಅವನ್ನು ಕರಗಿಸಿ ಬರೀ ಚಿನ್ನದ ಬೆಲೆ ಕಟ್ಟುತ್ತಾರೆ, ಕೆಲಸದ ಬೆಲೆ ಯಾರೂ ಕೊಡೋದಿಲ್ಲ. ನಾವು ಜೋಮಾಲೆಯನ್ನು ಇಡಿಯಾಗಿ ದೊಡ್ಡವಳಿಗೆ ಕೊಟ್ಟೆವು. ಚಿಕ್ಕವಳಿಗೆ ಸರ, ಕಮ್ಮಿ ಬಿದ್ದ ಗ್ರಾಂಗಳಿಗೆ ಹಣ.