ನೋವಿನಿಂದ ಏಕವ್ಯಕ್ತಿ ನೃತ್ಯ ಕಟ್ಟುವ 6 ದಿನ: ಆಲ್ದೂರು ಕಡೆಯ ಶಿಬಿರ ಹೇಗಿದೆ?

ಚಿಕ್ಕಮಗಳೂರಿನಿಂದ ಆಲ್ದೂರು ಕಡೆಗೆ ಹೋಗುವ ದಾರಿಯ ಒಂದು ಕಾಫಿ ತೋಟದಲ್ಲಿ ಈ ಶಿಬಿರ ನಡೆಯುತ್ತದೆ. 8 ಜನಕ್ಕೆ ಮಾತ್ರ ಜಾಗ, 6 ದಿನ, ಊಟ ವಸತಿ ಸೇರಿ 11,000 ರೂಪಾಯಿ. ಬದುಕಿನಲ್ಲಿ ಪಟ್ಟ ಆಘಾತವನ್ನೇ ವಸ್ತುವಾಗಿಟ್ಟುಕೊಂಡು ಒಬ್ಬರೇ ಮಾಡುವ 12ರಿಂದ 15 ನಿಮಿಷದ ನೃತ್ಯಕ್ಕೆ ಅಡಿಪಾಯ ಹಾಕಿಕೊಡುವುದು ಶಿಬಿರ ನಡೆಸುವವರ ಕೆಲಸ. ‘ಇಲ್ಲಿ ವಾಸಿಯಾಗುತ್ತೆ’ ಅಂತ ಅವರು ಎಲ್ಲೂ ಹೇಳುವುದಿಲ್ಲ. ಅದೇ ಅವರ ಮೇಲೆ ನಂಬಿಕೆ ಹುಟ್ಟಿಸುವ ಮೊದಲ ಸಂಗತಿ. ಮೊದಲ ನಾಲ್ಕು ದಿನದ ಕೆಲಸಕ್ಕೆ ಪೂರ್ತಿ ಅಂಕ ಕೊಡಬಹುದು. ಕೊನೆಯ ಸಂಜೆಗೆ ಕೊಡಲು ಮನಸ್ಸು ಬರುವುದಿಲ್ಲ.

ಮೊದಲು ನೆಲದ ವಿಷಯ. ಹಳೆಯ ಕಾಫಿ ಗೋದಾಮನ್ನೇ ಹಾಲ್ ಮಾಡಿದ್ದಾರೆ. 32 ಅಡಿ ಉದ್ದ, 24 ಅಡಿ ಅಗಲ, ತೊಲೆಗಳ ಮೇಲೆ ಹಲಗೆ ಹೊಡೆದ ನೆಲ. ಇಂಥ ವಸ್ತುವಿನ ನೃತ್ಯದಲ್ಲಿ ಬೀಳುವುದು, ಮಂಡಿಯೂರುವುದು, ಉರುಳುವುದು ಜಾಸ್ತಿ. ಸಿಮೆಂಟಿನ ಮೇಲೋ ಗ್ರಾನೈಟಿನ ಮೇಲೋ ಅದನ್ನೇ ದಿನಕ್ಕೆ ಐದು ಗಂಟೆ ಮಾಡಿದರೆ ಮೂರನೇ ದಿನಕ್ಕೆ ಮಂಡಿ ಹಿಡಿದುಕೊಳ್ಳುತ್ತದೆ. ಹಲಗೆ ಒಂದಿಷ್ಟು ಬಾಗಿ ಪೆಟ್ಟು ತಿನ್ನುತ್ತದೆ. ಆದರೆ ಅದರ ಮೇಲೆ ಹಾಸುವ ವಿನೈಲ್ ಮ್ಯಾಟನ್ನು ಬೆಳಿಗ್ಗೆ ಸುರುಳಿ ಬಿಚ್ಚಿ ಆಗಲೇ ಟೇಪ್ ಹೊಡೆದಿದ್ದರು. 11 ಗಂಟೆ ಹೊತ್ತಿಗೆ ಅಂಚು ಎದ್ದು ಕಾಲಿಗೆ ಸಿಗುತ್ತಿತ್ತು. ಮ್ಯಾಟನ್ನು ಹಿಂದಿನ ರಾತ್ರಿಯೇ ಹಾಸಿ, ಅದು ತನ್ನಷ್ಟಕ್ಕೆ ಮಲಗಿದ ಮೇಲೆ ಟೇಪ್ ಹೊಡೆಯಬೇಕು. ಏನೇ ಇರಲಿ, ಒಂದು ಜೊತೆ ಮಂಡಿ ಪ್ಯಾಡ್ ಇಟ್ಟುಕೊಂಡೇ ಹೋಗಿ.

ಮೊದಲ ದಿನ ಕುಣಿತವೇ ಇಲ್ಲ. ಯಾವ ನೆನಪನ್ನು ಮುಟ್ಟಬೇಕು ಎಂಬುದನ್ನು ಆರಿಸುವುದರಲ್ಲೇ ದಿನ ಮುಗಿಯುತ್ತದೆ. ನೆನಪುಗಳಿಗೆ 0ಯಿಂದ 10ರವರೆಗೆ ಅಂಕ ಹಾಕಿಸುತ್ತಾರೆ. 10 ಅಂದರೆ ನೆನೆದರೆ ಸಾಕು, ಉಸಿರು ಕಟ್ಟುವಂಥದ್ದು. ಶುರು ಮಾಡುವುದು 3 ಅಥವಾ 4ರ ನೆನಪಿನಿಂದ. ತುಂಬ ಸರಿಯಾದ ಕ್ರಮ. ದೊಡ್ಡ ಗಾಯಕ್ಕೇ ನೇರ ಕೈಹಾಕಿದವರ ಮೈ ಒಂದೋ ಮರಗಟ್ಟುತ್ತದೆ, ಇಲ್ಲವೇ ಹತೋಟಿ ತಪ್ಪುತ್ತದೆ. ಎರಡರಲ್ಲೂ ಚಲನೆ ಹುಟ್ಟುವುದಿಲ್ಲ. ಆಮೇಲೆ ಕಥೆ ಬರೆಯಲು ಬಿಡದೆ, ಮೈಗೆ ಸಂಬಂಧಪಟ್ಟ 10 ವಿವರ ಮಾತ್ರ ಬರೆಸುತ್ತಾರೆ: ಕಾಲ ಕೆಳಗೆ ಎಂಥ ನೆಲವಿತ್ತು, ಕೈ ಎಲ್ಲಿತ್ತು, ಯಾವ ಸದ್ದು ಕೇಳುತ್ತಿತ್ತು, ಬಾಗಿಲು ಯಾವ ಕಡೆಗಿತ್ತು. ಯಾರು ಏನಂದರು ಅನ್ನುವುದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಎರಡನೇ ದಿನದಿಂದ ಇಬ್ಬಿಬ್ಬರ ಜೋಡಿ. ಒಬ್ಬರು ಕಣ್ಣು ಮುಚ್ಚಿ 20 ನಿಮಿಷ ಚಲಿಸಬೇಕು, ಇನ್ನೊಬ್ಬರು ಗೋಡೆ ಪಕ್ಕ ಕೂತು ಸಾಕ್ಷಿಯಾಗಿ ನೋಡಬೇಕು. ಅಮೆರಿಕದ ನೃತ್ಯಗಾತಿ ಮೇರಿ ಸ್ಟಾರ್ಕ್ಸ್ ವೈಟ್‌ಹೌಸ್ 1950ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ ಇದರ ಬೇರಿದೆ. ಇಲ್ಲಿ ಎಲ್ಲವೂ ನಿಂತಿರುವುದು ಸಾಕ್ಷಿ ಆಡುವ ಮಾತಿನ ಮೇಲೆ. ‘ನಿಮ್ಮ ಎಡಗೈ ಮೂರು ಸಲ ಹೊಟ್ಟೆಯ ಹತ್ತಿರ ಬಂತು’ ಅನ್ನಬಹುದು. ‘ನೀವು ತುಂಬ ದುಃಖದಲ್ಲಿದ್ರಿ’ ಅನ್ನುವ ಹಾಗಿಲ್ಲ. ಮೊದಲನೆಯದು ನೃತ್ಯಕ್ಕೆ ಸಾಮಗ್ರಿ, ಎರಡನೆಯದು ಇನ್ನೊಬ್ಬರ ಎದೆಯೊಳಗೆ ಕೇಳದೆ ನುಗ್ಗಿದ ಹಾಗೆ. ತರಬೇತುದಾರರು ಈ ನಿಯಮವನ್ನು ಒಂದು ಸಲವೂ ಸಡಿಲ ಬಿಡಲಿಲ್ಲ.

ಮೂರನೇ ದಿನ ಮಧ್ಯಾಹ್ನ ಸುಮಾರು 25 ಕಿ.ಮೀ. ದೂರದ ಬೇಲೂರಿಗೆ ಕರೆದೊಯ್ಯುತ್ತಾರೆ. ವೇಳಾಪಟ್ಟಿಯಲ್ಲಿ ನೋಡಿದಾಗ ಪ್ರವಾಸದಂತೆ ಕಾಣುತ್ತದೆ, ಹಾಗಲ್ಲ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಅಲ್ಲಿನ ಚೆನ್ನಕೇಶವ ಗುಡಿಯ ಮದನಿಕೆಯರಲ್ಲಿ ಕೋತಿಯೊಂದು ಸೀರೆ ಎಳೆಯುತ್ತಿರುವ ಶಿಲ್ಪವನ್ನು ಎಲ್ಲರೂ ನೋಡಿರುತ್ತಾರೆ, ನಕ್ಕು ಮುಂದೆ ಹೋಗಿರುತ್ತಾರೆ. ಇಲ್ಲಿ ಅದರ ಕೆಳಗೆ ಅರ್ಧ ಗಂಟೆ ನಿಲ್ಲಿಸುತ್ತಾರೆ. ಭಾರ ಯಾವ ಕಾಲ ಮೇಲಿದೆ? ಸೊಂಟ ಯಾವ ಕಡೆ, ಭುಜ ಯಾವ ಕಡೆ? ಬೇಡದ ಕೈಯೊಂದು ಮೈಮೇಲಿನ ಬಟ್ಟೆ ಎಳೆದಾಗ ಮೈ ಹೇಗೆ ಎರಡಾಗುತ್ತದೆ? ಭಂಗಿಯನ್ನು ನಕಲು ಮಾಡಲು ಬಿಡುವುದಿಲ್ಲ, ಭಾರ ಹಂಚಿರುವ ರೀತಿಯನ್ನು ಮಾತ್ರ ಕಾಗದದ ಮೇಲೆ ಗೆರೆ ಎಳೆದು ತರಬೇಕು. ಇಡೀ ಶಿಬಿರದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ನಾಲ್ಕನೇ ದಿನ ರಚನೆ. ಮಾದರಿಗೆಂದು ತರಬೇತುದಾರರು ಚಿಲಕ ಹಾಕುವ ಚಲನೆಯನ್ನು ತೆಗೆದುಕೊಂಡರು. ಬಲಗೈ ಎದೆಮಟ್ಟದಲ್ಲಿ, ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಗೇಣು ಎಡಕ್ಕೆ ಎಳೆದು, ಕೊನೆಗೆ ಮಣಿಕಟ್ಟು ತಿರುಗಿಸಿ ಹಿಡಿಯನ್ನು ಕೆಳಕ್ಕೆ ಕೂರಿಸುವುದು. ನಿಜದಲ್ಲಿ 2 ಸೆಕೆಂಡಿನ ಕೆಲಸ. ಅದನ್ನು ವಿಳಂಬದ ಆದಿತಾಳದಲ್ಲಿ 2 ಆವರ್ತನಕ್ಕೆ (ತಾಳದ 2 ಸುತ್ತಿಗೆ), ಅಂದರೆ 16 ಅಕ್ಷರಕ್ಕೆ (ಎಣಿಕೆಗೆ) ಹಿಗ್ಗಿಸಬೇಕು. ಎಲ್ಲರೂ ತಪ್ಪುವುದು ಇಲ್ಲೇ: 16ಕ್ಕೂ ಸಮವಾಗಿ ಹಂಚುತ್ತಾರೆ, ಚಲನೆ ಗಂಜಿಯಂತೆ ತೆಳ್ಳಗಾಗುತ್ತದೆ. 15 ಅಕ್ಷರ ಎಳೆದು, ಹಿಡಿ ಕೂರಿಸುವುದನ್ನು ಮಾತ್ರ ಮೊದಲಿನ ವೇಗದಲ್ಲೇ ಬಿಟ್ಟರೆ ನೋಡುವವರ ಬೆನ್ನು ನೆಟ್ಟಗಾಗುತ್ತದೆ. ಆಮೇಲೆ ಅದೇ ದಾರಿಯನ್ನು ಮೊಣಕೈಯಿಂದ, ಭುಜದಿಂದ ಮಾಡಬೇಕು. ಮತ್ತೆ ಹಿಮ್ಮಡಿಯಿಂದ ಹಲಗೆಯ ಮೇಲೆ ಎಳೆದರೆ ಚಿಲಕದ ಸದ್ದು ಕಾಲಿಗೆ ಬರುತ್ತದೆ. ಕಡೆಗೆ ಕಣ್ಣು ಎಡಕ್ಕೆ ಹೋಗಿ ನಿಲ್ಲುವುದಷ್ಟೇ ಉಳಿಯಬೇಕು.

ಚೇತರಿಕೆಯ ಭಾಗಕ್ಕೂ ಹೊಸ ಚಲನೆ ತರಬೇಡಿ ಅನ್ನುತ್ತಾರೆ, ಅದನ್ನು ನಾವು ಮನಸಾರೆ ಒಪ್ಪುತ್ತೇವೆ. ಅದೇ ಚಿಲಕ, ಅದೇ ಒಂದು ಗೇಣು, ಈಗ ಬಲಕ್ಕೆ. ಹಾಕುವಾಗ ಉಸಿರು ಒಳಗೆಳೆದು ಹಿಡಿದಿರುತ್ತದೆ. ತೆಗೆಯುವಾಗ ಉಸಿರು ಅರ್ಧ ಅಕ್ಷರ ಮೊದಲೇ ಹೊರಬರಬೇಕು, ಕೈ ಅದರ ಹಿಂದೆ ಬರಬೇಕು. ನಮ್ಮ ಕಡೆಯ ಇಂಥ ಪ್ರಯೋಗಗಳಲ್ಲಿ 10 ನಿಮಿಷ ಅತ್ತು, ಕೊನೆಯ 2 ನಿಮಿಷಕ್ಕೆ ಕೊಳಲು, ಹಳದಿ ಬೆಳಕು, ಎದೆಯಿಂದ ಅರಳುವ ಅಲಪದ್ಮ (ಅರಳಿದ ತಾವರೆಯ ಹಸ್ತಮುದ್ರೆ) ಬಂದುಬಿಡುತ್ತದೆ. ಅಷ್ಟು ಬೇಗ ಯಾವ ನೋವೂ ಕರಗುವುದಿಲ್ಲ, ನೋಡುವವರಿಗೂ ಅದು ಗೊತ್ತು.

ಅಳುವಿನ ಬಗ್ಗೆ ಕಲಿಸಿದ್ದೂ ಪಕ್ಕಾ ಇದೆ. ನಾಟ್ಯಶಾಸ್ತ್ರದ ಎಂಟು ಸಾತ್ವಿಕ ಭಾವಗಳಲ್ಲಿ ಸ್ತಂಭ (ಮೈ ಮರಗಟ್ಟುವುದು), ವೇಪಥು (ನಡುಕ), ಅಶ್ರು (ಕಣ್ಣೀರು) ಮೂರೂ ಆಘಾತಕ್ಕೆ ಮೈ ಕೊಡುವ ಉತ್ತರಗಳೇ. ನಿಜವಾಗಿ ಅತ್ತುಬಿಟ್ಟರೆ ಮೂಗು ಕಟ್ಟುತ್ತದೆ, ಉಸಿರು ತುಂಡಾಗುತ್ತದೆ, ತಾಳ ಕೈಬಿಡುತ್ತದೆ. ಹಾಗಾಗಿ ಸ್ತಂಭಕ್ಕೆ ಹೆಚ್ಚು ಹೊತ್ತು, ಅಶ್ರುವಿಗೆ ಕಡಿಮೆ. ನಡುಕವನ್ನು ಬೆರಳಿನಿಂದ ಶುರು ಮಾಡಿದರೆ ಸುಳ್ಳಾಗಿ ಕಾಣುತ್ತದೆ, ಪಕ್ಕೆಲುಬಿನ ಉಸಿರಿನಿಂದ ಶುರುವಾಗಿ ಬೆರಳಿಗೆ ಬರಬೇಕು. ಅಮೆರಿಕದ ನೃತ್ಯಗಾತಿ ಮಾರ್ಥಾ ಗ್ರಹಾಂ 1930ರಲ್ಲಿ ಮಾಡಿದ ‘ಲ್ಯಾಮೆಂಟೇಶನ್’ನ ತುಣುಕು ತೋರಿಸಿದರು. ಒಂದು ಬೆಂಚು, ಕೊಳವೆಯಂಥ ಬಟ್ಟೆಯೊಳಗೆ ಒಂದು ಮೈ, ಅಷ್ಟೇ. ಕಥೆಯಿಲ್ಲದೆಯೂ ದುಃಖ ಕಾಣುತ್ತದೆ ಅನ್ನುವುದಕ್ಕೆ ಇನ್ನೇನು ಬೇಕು.

ಸುರಕ್ಷತೆಯ ಕ್ರಮಗಳು ಅರ್ಧ ಚೆನ್ನಾಗಿವೆ. ಅಂಗೈಯಿಂದ ನೆಲ ಎರಡು ಸಲ ತಟ್ಟಿದರೆ ಎಲ್ಲವೂ ನಿಲ್ಲುತ್ತದೆ, ಯಾರೂ ಕಾರಣ ಕೇಳುವುದಿಲ್ಲ. ಪ್ರತಿ ಅಭ್ಯಾಸದ ಕೊನೆಗೆ, ಮನಸ್ಸನ್ನು ನೆನಪಿನಿಂದ ಈಗಿನ ಹೊತ್ತಿಗೆ ತರಲು, ಕಣ್ಣಿಗೆ ಕಾಣುವ 5, ಮುಟ್ಟಲು ಸಿಗುವ 4, ಕೇಳುವ 3, ಮೂಗಿಗೆ ಬರುವ 2, ನಾಲಿಗೆಯ 1 ಅಂತ ಹೆಸರು ಹೇಳಿಸುತ್ತಾರೆ. ಮೂಗಿಗಂತೂ ಆ ಗೋದಾಮಿನಲ್ಲಿ ಗೋಣಿಯ ವಾಸನೆ ಯಾವಾಗಲೂ ಸಿಗುತ್ತದೆ! ಆಮೇಲೆ ಕಾಲು ತೊಳೆದು ಬಟ್ಟೆ ಬದಲಿಸಿ ಬಿಸಿ ಅಕ್ಕಿ ರೊಟ್ಟಿ ತಿನ್ನಬೇಕು, ಅದೂ ಪಾಠದ ಭಾಗವೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಗೋಡೆಯ ಮೇಲೆ ದೊಡ್ಡದಾಗಿ ಬರೆದಿದೆ. ಆದರೆ ಆಪ್ತಸಮಾಲೋಚಕರು ಬರುವುದು 6 ದಿನದಲ್ಲಿ 2 ದಿನ ಮಾತ್ರ. ಇದು ಸಾಲದು. ಮೈ ಹೆಚ್ಚು ಕೆದಕಿದಂತಾಗುವುದು ಮೂರು, ನಾಲ್ಕನೇ ದಿನ. ಆ ಎರಡೂ ದಿನ ಅವರು ಇರಲಿಲ್ಲ.

ಇನ್ನು ಆ ಕೊನೆಯ ಸಂಜೆ. ಅಕ್ಕಪಕ್ಕದ ಹೋಂಸ್ಟೇ ಅತಿಥಿಗಳನ್ನು ಕರೆದು ಕುರ್ಚಿ ಹಾಕಿ ಪ್ರದರ್ಶನ ಮಾಡಿಸಿದರು. ಇಬ್ಬರು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದರು, ತಡೆದವರಿಲ್ಲ. ಮುಗಿದ ಮೇಲೆ ಒಬ್ಬರು ‘ಇದು ನಿಮಗೇ ಆಗಿದ್ದಾ ಮೇಡಂ?’ ಅಂತ ಕೇಳಿದರು. ಆರು ದಿನದ ಹಸಿ ರಚನೆಯನ್ನು ಅಪರಿಚಿತರ ಮುಂದೆ ಇಡುವುದು ದೊಡ್ಡ ತಪ್ಪು. ಮೊದಲ ಸಲ ತೋರಿಸಬೇಕಾದದ್ದು ಕುಣಿಯುವವರೇ ಆರಿಸಿದ 5–6 ಜನಕ್ಕೆ. ಫೋನು ಹೊರಗಿರಬೇಕು. ‘ನಿಜವೇ’ ಎಂಬ ಪ್ರಶ್ನೆ ಬೇಡ ಅಂತ ಮೊದಲೇ ಹೇಳಿರಬೇಕು. ನೋವು ಕೊಟ್ಟವರು ಬದುಕಿದ್ದರೆ, ಅವರ ಗುರುತು ಹತ್ತುವಂಥ ವಿವರ ರಚನೆಯಲ್ಲಿ ಉಳಿದಿದೆಯೇ ಎಂಬುದನ್ನೂ ಕೂತು ಶೋಧಿಸಬೇಕಿತ್ತು. ಅದಕ್ಕೆ ಸಮಯವನ್ನೇ ಇಟ್ಟಿರಲಿಲ್ಲ.

ಹೋಗುವುದಾದರೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಹೋಗಿ. ಡಿಸೆಂಬರ್, ಜನವರಿಯಲ್ಲಿ ಕೊಯ್ಲು, ಪಕ್ಕದಲ್ಲೇ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಸದ್ದು. ಮಳೆಗಾಲದಲ್ಲಿ ಶೀಟಿನ ಮೇಲೆ ಬೀಳುವ ಮಳೆಗೆ ತಂಬೂರಿಯೂ ಕೇಳುವುದಿಲ್ಲ, ಮ್ಯಾಟ್ ಬೆವೆತು ಜಾರುತ್ತದೆ. ಹಾಸನದಿಂದ ಬೇಲೂರು ಮೇಲೆ ಸುಮಾರು 65 ಕಿ.ಮೀ. ಗಾಯ ಇನ್ನೂ ಹಸಿಯಾಗಿರುವವರು, ರಾತ್ರಿ ನಿದ್ದೆ ಬಾರದವರು ಈಗಲೇ ಸೇರಬೇಡಿ, ಮೊದಲು ವೈದ್ಯರನ್ನು ಕಾಣಿ. ಭರತನಾಟ್ಯವೇ ಬರಬೇಕೆಂದಿಲ್ಲ, ವೀರಗಾಸೆ ಕುಣಿದ ಮೈಗೂ ಈ ಕ್ರಮ ಹೊಂದುತ್ತದೆ. ರಚನೆಯನ್ನು ಮುಂದೆ ಹಾಸನದ ಹಾಸನಾಂಬ ಕಲಾಕ್ಷೇತ್ರದಂಥ ದೊಡ್ಡ ವೇದಿಕೆಗೆ ಒಯ್ಯುವ ಆಸೆಯಿದ್ದರೆ, ಎರಡು ಬೆರಳಿನ ಚಿಲಕ ಕೊನೆಯ ಸಾಲಿಗೆ ಕಾಣುವುದಿಲ್ಲ. ಮೊಣಕೈಯ ರೂಪವನ್ನೇ ಮುಖ್ಯ ಮಾಡಿಕೊಂಡು, ಒಂದು ಪಕ್ಕದಿಂದ ಮಾತ್ರ ಬೆಳಕು ಕೇಳಿ. ಹಣ ಕಟ್ಟುವ ಮೊದಲು ಫೋನ್ ಮಾಡಿ ಎರಡೇ ಮಾತು ಕೇಳಿ: ಸಮಾಲೋಚಕರು ಆರೂ ದಿನ ಇರುತ್ತಾರಾ, ಕೊನೆಯ ಸಂಜೆ ಪ್ರದರ್ಶನ ಬೇಡ ಅನ್ನುವ ಹಕ್ಕು ನಮಗಿದೆಯಾ?